ಗಿರಿಪಥದ ಯಾತ್ರಿಕ ವೆಲೋಸಿಯೊ

ಬೆಟ್ಟವನ್ನು ಕಂಡಾಗ ಮನುಷ್ಯನ ಮನಸ್ಸಿನಲ್ಲಿ ಏಳುವ ಆಸೆ ಎರಡು ತೆರನಾದುದು. ಅದರ ನೆತ್ತಿಯ ಮೇಲೆ ನಿಲ್ಲಬೇಕೆಂಬುದು ಒಂದು; ಅದರ ಆಚೆಗೆ ಏನಿದೆಯೆಂದು ನೋಡಬೇಕೆಂಬುದು ಮತ್ತೊಂದು. ಮೊದಲನೆಯ ಆಸೆಯವರು ಶಿಖರಗಳನ್ನು ಗೆದ್ದು ಚರಿತ್ರೆಯಲ್ಲಿ ಹೆಸರು ಪಡೆದರು. ಎರಡನೆಯವರಿಗೆ ಶಿಖರ ಬೇಡ. ಎರಡು ಶಿಖರಗಳ ನಡುವೆ ನೆಲವು ತಗ್ಗಿ ದಾರಿಬಿಟ್ಟ ಸ್ಥಳವಿದ್ದರೆ ಸಾಕು. ಉಪ್ಪಿನ ಹೇರು ಹೊತ್ತ ಎತ್ತುಗಳ ಹಿಂದೆ ಘಟ್ಟ ಹತ್ತಿದ ವ್ಯಾಪಾರಿ, ಹಿಂಡನ್ನು ಅಟ್ಟಿಕೊಂಡು ಹೊರಟ ಕುರುಬ, ಕ್ಷೇತ್ರದರ್ಶನಕ್ಕೆ ಹೊರಟ ಯಾತ್ರಿಕ ಇವರೆಲ್ಲರೂ ಈ ಎರಡನೆಯ ಪಂಗಡದವರು. ಆಗುಂಬೆ, ಚಾರ್ಮಾಡಿ, ಶಿರಾಡಿ ಎಂಬ ಹೆಸರುಗಳನ್ನು ಕೇಳಿ ಬೆಳೆದ ನಮಗೆ ಘಾಟಿಯೆಂದರೇನೆಂದು ವಿವರಿಸಿ ಹೇಳಬೇಕಾದುದಿಲ್ಲ. ಫ್ರೆಂಚರು ಅದನ್ನು ‘ಕೊಲ್’ ಎನ್ನುತ್ತಾರೆ. ಕುತ್ತಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ ಮಾತು ಅದು. ಬೆಟ್ಟದ ತಲೆಯನ್ನು ಮುಟ್ಟದೆ ಅದರ ಕುತ್ತಿಗೆಯನ್ನು ಬಳಸಿ ದಾಟಿಕೊಳ್ಳುವ ದಾರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ಕಷ್ಟ.

ಇಂತಹ ದಾರಿಗಳನ್ನು ಎರಡು ಗಾಲಿಗಳ ಮೇಲೂ, ಗಾಲಿ ನಡೆಯದ ಕಡೆ ಎರಡು ಕಾಲುಗಳ ಮೇಲೂ ದಾಟುವುದನ್ನು ಒಂದು ಜೀವನಧರ್ಮವನ್ನಾಗಿ ಮಾಡಿಕೊಂಡ ಮಹನೀಯನೊಬ್ಬನು ಫ್ರಾನ್ಸಿನಲ್ಲಿ ಆಗಿಹೋದನು. ಆತನ ನಿಜನಾಮ ಪೋಲ್ ದ ವಿವೀ. ಲೋಕಕ್ಕೆ ಪರಿಚಿತವಾದ ಹೆಸರು ವೆಲೋಸಿಯೊ. ಬೈಸಿಕಲ್ಲಿಗೆ ಗೇರು ಅಳವಡಿಸುವ ವಿದ್ಯೆಗೆ ಹಿರಿಯ ಪುರೋಹಿತನೆಂದು ಆತನನ್ನು ಯಂತ್ರ ಬಲ್ಲವರು ಗೌರವಿಸುತ್ತಾರೆ. ಸಾಹಿತ್ಯವನ್ನು ಓದಿಸುವ ನನಗೆ ಯಂತ್ರದ ಗಂಧ ಕಡಿಮೆ. ನಾನು ಆತನ ಕಡೆಗೆ ಒಲಿದುದಕ್ಕೆ ಕಾರಣ ಬೇರೆ. ತನಗೆ ಎಷ್ಟು ಶಕ್ತಿಯಿದೆಯೆಂಬುದನ್ನು ತಿಳಿದುಕೊಂಡು ಅದರ ಅಳತೆಗೆ ಸರಿಯಾಗಿ ಬಾಳುವುದು ದೌರ್ಬಲ್ಯವೋ ವಿವೇಕವೋ ಎಂಬ ಪ್ರಶ್ನೆಗೆ ಆತನು ತನ್ನ ಇಡೀ ಆಯುಸ್ಸಿನಿಂದ ಉತ್ತರ ಕೊಟ್ಟನು. ಆ ಉತ್ತರವನ್ನು ಆತನ ಕಾಲದ ಬಲಿಷ್ಠರು ಬಹುಕಾಲ ಒಪ್ಪಲಿಲ್ಲ. ಜೀವನಚರಿತ್ರೆಗೆ ಇದಕ್ಕಿಂತ ದೊಡ್ಡ ವಸ್ತು ಬೇಕಿಲ್ಲವೆಂದು ನನ್ನ ಭಾವನೆ.

ಪೋಲ್ ದ ವಿವೀ ಹುಟ್ಟಿದ್ದು ೧೮೫೩ರ ಏಪ್ರಿಲ್ ೨೯ರಂದು, ದಕ್ಷಿಣ ಫ್ರಾನ್ಸಿನ ವೋಕ್ಲೂಸ್ ಪ್ರಾಂತದ ಪೆರ್ನ್ ಎಂಬ ಊರಿನಲ್ಲಿ. ಬೀದಿಬೀದಿಗೂ ಕಲ್ಲಿನ ಕಾರಂಜಿಗಳಿರುವ ಊರು ಅದು. ಇಪ್ಪತ್ತನೆಯ ಶತಮಾನದಲ್ಲಿ ಆ ಕಾರಂಜಿಗಳ ಹೆಸರೂ ಊರ ಹೆಸರಿನೊಡನೆ ಸೇರಿಕೊಂಡಿತು. ಆ ಬಯಲಿನಿಂದ ಕಣ್ಣೆತ್ತಿ ನೋಡಿದರೆ ಒಂಟಿಯಾಗಿ ಎದ್ದುನಿಂತ ವಾಂತೂ ಪರ್ವತ ಕಾಣುತ್ತದೆ. ಸುಮಾರು ೧೯೧೦ ಮೀಟರು ಎತ್ತರ. ನೆತ್ತಿಯ ಮೇಲೆ ಮರವಿಲ್ಲ, ಹುಲ್ಲಿಲ್ಲ. ಬಿಳಿಯ ಸುಣ್ಣಕಲ್ಲಿನ ಚೂರುಗಳು ಬೇಸಗೆಯಲ್ಲಿಯೂ ಹಿಮದಂತೆ ಹೊಳೆಯುತ್ತವೆ. ಇಟಲಿಯ ಮಹಾಕವಿ ಪೆಟ್ರಾರ್ಕನು ೧೩೩೬ರ ಏಪ್ರಿಲಿನಲ್ಲಿ ತಮ್ಮನನ್ನು ಕರೆದುಕೊಂಡು ಈ ಬೆಟ್ಟವನ್ನು ಹತ್ತಿದ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಲಾಭಕ್ಕಾಗಿಯಲ್ಲ, ಹರಕೆಗಾಗಿಯಲ್ಲ, ಎತ್ತರದಿಂದ ನೋಡಬೇಕೆಂಬ ಒಂದೇ ಬಯಕೆಯಿಂದ ಹತ್ತಿದ್ದನ್ನು ಅವನು ಹೇಳಿಕೊಂಡಿದ್ದಾನೆ. ಮೇಲೆ ನಿಂತು ಸಂತ ಅಗಸ್ಟೀನನ ಗ್ರಂಥವನ್ನು ತೆರೆದಾಗ, ಹೊರಗಿನ ಬೆಟ್ಟವನ್ನು ಬೆರಗಿನಿಂದ ನೋಡುವ ಮನುಷ್ಯನು ತನ್ನೊಳಗನ್ನು ಮರೆತನಲ್ಲಾ ಎಂಬ ಅರಿವು ಅವನಿಗೆ ಉಂಟಾಯಿತಂತೆ. ಆ ಬೆಟ್ಟದ ನೆರಳಿನ ನಾಡಿನಲ್ಲಿ ಹುಟ್ಟಿದ ಶಿಶು ಮುಂದೆ ಹೊರಗಿನ ದಾರಿಯನ್ನೂ ಒಳಗಿನ ದಾರಿಯನ್ನೂ ಕೂಡಿಸಿ ನಡೆದನೆಂಬುದು ಚೆಲುವಾದ ಕಾಕತಾಳೀಯ.

ಬಾಲ್ಯದ ಓದಿನಲ್ಲಿ ಆತನಿಗೆ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯದ ರುಚಿ ಹತ್ತಿತು. ಅದು ಸಾಯುವತನಕ ಬಿಡಲಿಲ್ಲ. ಆದರೆ ಜೀವನೋಪಾಯಕ್ಕೆ ಹಿಡಿದ ದಾರಿ ರೇಷ್ಮೆಯದು. ಆ ಉದ್ಯಮದಲ್ಲಿ ಕೆಲಸ ಕಲಿತು, ಮೂವತ್ತು ತುಂಬುವ ಮೊದಲೇ ಸ್ವಂತ ವ್ಯಾಪಾರವನ್ನು ನಡೆಸುವ ಮಟ್ಟಕ್ಕೆ ಬಂದನು. ಆತನು ನೆಲೆಸಿದ ಸೇಂಟ್ ಎಟಿಯೆನ್ ನಗರವು ರೇಷ್ಮೆಯ ರಿಬ್ಬನ್ನುಗಳಿಗೂ, ಕಲ್ಲಿದ್ದಲಿಗೂ, ಬಂದೂಕಿನ ಕಾರ್ಖಾನೆಗಳಿಗೂ ಹೆಸರಾದದ್ದು. ವ್ಯಾಪಾರದ ನಿಮಿತ್ತ ಆತನು ಇಂಗ್ಲೆಂಡಿಗೂ ಹೋಗಿಬಂದನು. ಅಲ್ಲಿಯ ಕವೆಂಟ್ರಿ ನಗರಕ್ಕೂ ಈ ನಗರಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಕವೆಂಟ್ರಿಯೂ ಒಂದು ಕಾಲದಲ್ಲಿ ರೇಷ್ಮೆ ರಿಬ್ಬನ್ನು ನೇಯುತ್ತಿದ್ದ ಊರೇ. ೧೮೬೦ರಲ್ಲಿ ವಿದೇಶದ ಸರಕಿನ ಮೇಲಿನ ಸುಂಕ ಎದ್ದುಹೋಗಿ ಮಗ್ಗಗಳು ನಿಂತಾಗ, ಅಲ್ಲಿಯವರು ಹೊಲಿಗೆಯಂತ್ರಕ್ಕೂ ಆಮೇಲೆ ಬೈಸಿಕಲ್ಲಿಗೂ ಕೈಹಾಕಿ ಬದುಕಿಕೊಂಡಿದ್ದರು. ನಯವಾದ ಕೆಲಸಕ್ಕೆ ಪಳಗಿದ ಕೈ, ಕಬ್ಬಿಣ ಬಲ್ಲ ಕುಲುಮೆ ಇವೆರಡೂ ಸೇಂಟ್ ಎಟಿಯೆನ್ನಿನಲ್ಲಿಯೂ ಇದ್ದವು. ಕವೆಂಟ್ರಿಯಲ್ಲಿ ನಡೆದದ್ದು ತನ್ನ ಊರಿನಲ್ಲಿಯೂ ನಡೆಯಬಹುದೆಂಬ ಆಲೋಚನೆಗೆ ಅವಕಾಶವಿದ್ದೇ ಇತ್ತು.

೧೮೮೧ರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆತನು ಮೊದಲ ಬೈಸಿಕಲ್ಲನ್ನು ಕೊಂಡನು. ಅದು ಇಂದಿನ ಬೈಸಿಕಲ್ಲಲ್ಲ. ಆಳೆತ್ತರಕ್ಕೆ ಹತ್ತಿರದ ಮುಂಗಾಲಿ, ಅಂಗೈಯಗಲದಂತಹ ಹಿಂಗಾಲಿ ಇರುವ ವಿಚಿತ್ರ ವಾಹನ. ಪೆಡಲು ಮುಂಗಾಲಿಯ ಅಚ್ಚಿಗೇ ಅಂಟಿಕೊಂಡಿರುತ್ತಿತ್ತು. ಕಲ್ಲೊಂದು ಅಡ್ಡ ಬಂದರೆ ಸವಾರನು ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದನು. ಆತನು ಪಂಥವೊಂದಕ್ಕೆ ಕಟ್ಟುಬಿದ್ದು ಈ ವಾಹನದ ಮೇಲೆ ಲಾ ಶೇಜ್-ದ್ಯೂ ಎಂಬ, ಹಳೆಯ ಮಠವಿರುವ ಎತ್ತರದ ಬೆಟ್ಟದೂರಿಗೆ ಪಯಣ ಮಾಡಿದನು. ಹೋದದ್ದು ಪಂಥ ಗೆಲ್ಲುವುದಕ್ಕೆ. ಆದರೆ ದಾರಿಯ ಕಾಡು, ಹಳ್ಳ, ತಿರುವು ತಿರುವಿನಲ್ಲಿ ತೆರೆದುಕೊಂಡ ಹೊಸ ನೋಟಗಳು ಇವು ಪಂಥಕ್ಕಿಂತ ದೊಡ್ಡದಾದ ಒಂದನ್ನು ಆತನಿಗೆ ತೋರಿಸಿಕೊಟ್ಟವು. ರೈಲಿನ ಪ್ರಯಾಣಿಕನಿಗೆ ಕಿಟಕಿಯ ಚೌಕಟ್ಟಿನಷ್ಟೇ ನಾಡು. ಕಾಲ್ನಡಿಗೆಯವನಿಗೆ ದಿನದ ಕೊನೆಗೆ ಕಾಲು ಸೋಲುವಷ್ಟೇ ನಾಡು. ಇವೆರಡರ ನಡುವೆ ಮೂರನೆಯ ವೇಗವೊಂದಿದೆ. ಅದು ಹಕ್ಕಿಯ ಕೂಗು ಕೇಳುವಷ್ಟು ನಿಧಾನ, ಒಂದೇ ದಿನದಲ್ಲಿ ಬಯಲಿನಿಂದ ಬೆಟ್ಟದ ಆಚೆಗೆ ಮುಟ್ಟಿಸುವಷ್ಟು ಬೇಗ. ಆ ವೇಗದ ಮೋಹಕ್ಕೆ ಆತನು ಸಿಕ್ಕಿದನು.

ಮೋಹವು ಹವ್ಯಾಸದ ಗಡಿಯಲ್ಲಿಯೇ ನಿಂತಿದ್ದರೆ ನಾವು ಈ ಹೊತ್ತು ಆತನನ್ನು ನೆನೆಯಬೇಕಾದ ಕಾರಣವಿರುತ್ತಿರಲಿಲ್ಲ. ೧೮೮೭ರಲ್ಲಿ ಆತನು ರೇಷ್ಮೆಯ ವ್ಯಾಪಾರವನ್ನು ಬಿಟ್ಟುಕೊಟ್ಟನು. ಮೂವತ್ತನಾಲ್ಕನೆಯ ವಯಸ್ಸು, ಹಿಡಿದ ಉದ್ಯಮ ಕೈಹತ್ತಿದ ಕಾಲ. ಅದನ್ನು ಕಳಚಿಟ್ಟು, ನಾಳೆ ಉಳಿಯುವುದೋ ಅಳಿಯುವುದೋ ತಿಳಿಯದ ಒಂದು ಆಟದ ವಸ್ತುವಿನ ಅಂಗಡಿಯನ್ನು ತೆರೆಯುವುದೆಂದರೆ ಸಂಸಾರಸ್ಥನಿಗೆ ಸಣ್ಣ ಸಾಹಸವಲ್ಲ. ಇಂಗ್ಲೆಂಡಿನಿಂದ ಬೈಸಿಕಲ್ಲುಗಳನ್ನು ತರಿಸಿ ಮಾರಿದನು. ಎರಡು ವರ್ಷಗಳ ತರುವಾಯ ‘ಗೋಲ್ವಾಸ್’ ಎಂಬ ಹೆಸರಿನಿಂದ ತನ್ನದೇ ಬೈಸಿಕಲ್ಲನ್ನು ಮಾಡಿಸಿದನು. ಅಷ್ಟರಲ್ಲಿ ಕವೆಂಟ್ರಿಯ ಸ್ಟಾರ್ಲಿಯು ೧೮೮೫ರಲ್ಲಿ ಸಮಗಾತ್ರದ ಗಾಲಿಗಳ, ಹಿಂಗಾಲಿಗೆ ಚೈನು ಹಾಕಿದ ಮಾದರಿಯನ್ನು ಹೊರತಂದಿದ್ದನು. ೧೮೮೮ರಲ್ಲಿ ಡನ್ಲಪ್ಪನ ಗಾಳಿ ತುಂಬಿದ ಟೈರು ಬಂದಿತ್ತು. ಎತ್ತರದಿಂದ ಬೀಳುವ ಭಯ ಹೋಗಿ, ಎಲುಬು ಅದುರುವ ಕಷ್ಟ ತಪ್ಪಿ, ಸಾಮಾನ್ಯನೂ ದೂರದ ಊರಿಗೆ ಹೊರಡಬಹುದಾದ ಕಾಲ ಒದಗಿತ್ತು.

ಅಂಗಡಿಗಿಂತ ಹೆಚ್ಚಿನ ಫಲ ಕೊಟ್ಟದ್ದು ಆತನ ಪತ್ರಿಕೆ. ಅದೇ ೧೮೮೭ರಲ್ಲಿ ಆರಂಭವಾದ ಆ ಪತ್ರಿಕೆ ‘ಲ ಸಿಕ್ಲಿಸ್ತ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದರಲ್ಲಿ ಆತನು ವೆಲೋಸಿಯೊ ಎಂಬ ಅಂಕಿತದಿಂದ ಬರೆದನು. ಹೋದ ದಾರಿ, ಏರಿದ ಘಾಟಿ, ಏರಿನ ಪ್ರಮಾಣ, ತಿಂದ ಆಹಾರ, ಕಾಲಿನ ನೋವು, ಬೆಳಗಿನ ಜಾವದ ಬೆಳಕು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವ ಬರವಣಿಗೆಯದು. ಜಂಬವಿಲ್ಲದ ಲೆಕ್ಕಾಚಾರ, ಲೆಕ್ಕಾಚಾರದ ನಡುವೆ ಥಟ್ಟನೆ ಹೊಳೆಯುವ ಸೌಂದರ್ಯದೃಷ್ಟಿ ಇವೆರಡೂ ಒಂದೇ ಕಡೆ ಸೇರುವುದು ಅಪೂರ್ವ. ಸ್ಪರ್ಧೆಗಾಗಿಯಲ್ಲದೆ ಸಂಚಾರಕ್ಕಾಗಿ ಬೈಸಿಕಲ್ಲು ಏರುವ ಪದ್ಧತಿಗೆ ಫ್ರೆಂಚ್ ಭಾಷೆಯಲ್ಲಿ ‘ಸಿಕ್ಲೋತೂರಿಸ್ಮ್’ ಎಂಬ ಮಾತು ನಿಂತದ್ದು ಆತನ ಪ್ರಭಾವದಿಂದ ಎನ್ನುತ್ತಾರೆ. ಭಾಷೆಗೆ ಒಂದು ಹೊಸ ಶಬ್ದ ಬೇಕಾಯಿತೆಂದರೆ ಬಾಳಿಗೆ ಒಂದು ಹೊಸ ಅನುಭವ ಸೇರಿತೆಂದೇ ಅರ್ಥ.

ಸೇಂಟ್ ಎಟಿಯೆನ್ನಿನಿಂದ ದಕ್ಷಿಣಕ್ಕೆ ಹೊರಟರೆ ಊರು ದಾಟುವ ಮೊದಲೇ ಏರು ತೊಡಗುತ್ತದೆ. ಸುಮಾರು ಹನ್ನೆರಡು ಹದಿಮೂರು ಕಿಲೋಮೀಟರು ಬಿಡದೆ ಹತ್ತಿ, ದೇವದಾರು ಜಾತಿಯ ಮರಗಳ ದಟ್ಟ ಕಾಡಿನ ನಡುವೆ ೧೧೬೧ ಮೀಟರು ಎತ್ತರದ ಕಣಿವೆಬಾಯನ್ನು ಮುಟ್ಟಬೇಕು. ಅದರ ಹೆಸರು ‘ಕೊಲ್ ದ ಲಾ ರೆಪ್ಯೂಬ್ಲಿಕ್’. ಹೆಗ್ಗಾಡು ಎಂಬ ಅರ್ಥದ ‘ಗ್ರಾಂ ಬ್ವಾ’ ಎಂಬುದು ಅದರ ಇನ್ನೊಂದು ಹೆಸರು. ನಮ್ಮ ನಂದಿಬೆಟ್ಟ ೧೪೭೮ ಮೀಟರು ಇರುವುದನ್ನು ನೆನೆದರೆ ಈ ಎತ್ತರ ದೊಡ್ಡದೆನಿಸದು. ಆದರೆ ವೆಲೋಸಿಯೊನಿಗೆ ಈ ಘಾಟಿಯೇ ಪ್ರಯೋಗಶಾಲೆ, ಇದೇ ಗರಡಿ, ಇದೇ ದೇವಾಲಯ. ಒಂದು ದಿನ ಆತನು ಬೆವರು ಸುರಿಸುತ್ತ ಈ ಏರನ್ನು ಹತ್ತುತ್ತಿದ್ದಾಗ, ಆತನ ಪತ್ರಿಕೆಯ ಓದುಗನೇ ಆದ ತರುಣನೊಬ್ಬನು ಬಾಯಲ್ಲಿ ಹೊಗೆಕೊಳವೆಯನ್ನು ಕಚ್ಚಿಕೊಂಡು ನಿರಾಯಾಸವಾಗಿ ಆತನನ್ನು ದಾಟಿಹೋದನೆಂದು ಒಂದು ಕಥೆಯಿದೆ. ಮತ್ತೊಬ್ಬನಾಗಿದ್ದರೆ ನಾಚಿ ತೊಡೆಯನ್ನು ಇನ್ನಷ್ಟು ಗಟ್ಟಿಮಾಡಿಕೊಳ್ಳುತ್ತಿದ್ದನು. ಈತನು ವಯಸ್ಸಿನೊಡನೆ ಹೋರಾಡಲಿಲ್ಲ. ಯಂತ್ರವನ್ನು ಕುರಿತು ಆಲೋಚಿಸಿದನು.

ಆಲೋಚನೆಯ ಸಾರ ಇಷ್ಟು. ಪೆಡಲಿನ ಹಲ್ಲುಚಕ್ರದಲ್ಲಿ ೪೪ ಹಲ್ಲು, ಹಿಂಗಾಲಿಯದರಲ್ಲಿ ೧೬ ಹಲ್ಲು ಇವೆಯೆನ್ನೋಣ. ಕಾಲು ಒಂದು ಸುತ್ತು ತಿರುಗಿದರೆ ಗಾಲಿ ಎರಡೂಮುಕ್ಕಾಲು ಸುತ್ತು ತಿರುಗಿ ಬೈಸಿಕಲ್ಲು ಸುಮಾರು ಆರು ಮೀಟರು ಮುಂದೆ ಹೋಗುತ್ತದೆ. ಬಯಲಿನಲ್ಲಿ ಇದು ಸುಖ. ಏರಿನಲ್ಲಿಯೋ, ಆರು ಮೀಟರಿನ ಭಾರವೆಲ್ಲ ಒಂದೇ ಸುತ್ತಿನ ಮೇಲೆ ಬಿದ್ದು ಮೊಣಕಾಲು ಮುರಿಯುವಂತಾಗುತ್ತದೆ. ಎರಡು ಕಡೆಯೂ ೨೮ ಹಲ್ಲುಗಳೇ ಇದ್ದರೆ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ದೂರ ಮಾತ್ರ. ಏರು ಹಗುರವಾಗುತ್ತದೆ, ಬಯಲಿನಲ್ಲಿ ಕಾಲು ವ್ಯರ್ಥವಾಗಿ ಗಿರಗಿರನೆ ತಿರುಗುತ್ತದೆ. ಒಂದೇ ಹಲ್ಲುಚಕ್ರವುಳ್ಳವನು ಬಯಲಿಗೋ ಬೆಟ್ಟಕ್ಕೋ ಯಾವುದಾದರೊಂದಕ್ಕೆ ಅನ್ಯಾಯ ಮಾಡಲೇಬೇಕು. ಹೀಗಿರುವಾಗ ದಾರಿ ಬದಲಾದಂತೆ ಹಲ್ಲುಚಕ್ರವೂ ಬದಲಾದರೆ? ಬೆಟ್ಟವನ್ನು ಹತ್ತುವ ಒಟ್ಟು ಶ್ರಮ ಇದರಿಂದ ಕಡಿಮೆಯಾಗದು. ಹೇರನ್ನು ಒಂದೇ ಸಲ ಹೊರುವುದಕ್ಕೆ ಬದಲು ನಾಲ್ಕು ಪಾಲು ಮಾಡಿ ಹೊತ್ತಂತಾಗುತ್ತದೆ. ಕಾಲಿನ ಲಯ ಮಾತ್ರ ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಒಂದೇ ಆಗಿ ಉಳಿಯುತ್ತದೆ. ಛಂದಸ್ಸನ್ನು ಪಾಠ ಹೇಳುವ ನನಗೆ ಇದು ಬಹು ಬೇಗ ಅರ್ಥವಾಯಿತು: ಗಣದ ರೂಪ ಬದಲಾಗಬಹುದು, ಮಾತ್ರೆಯ ಎಣಿಕೆ ಕೆಡಬಾರದು.

ಆತನ ಮೊದಲ ಸಾಧನ ಬಹಳ ಸರಳ. ಪೆಡಲಿನ ಬಳಿ ದೊಡ್ಡದೊಂದು ಚಿಕ್ಕದೊಂದು ಹೀಗೆ ಎರಡು ಹಲ್ಲುಚಕ್ರಗಳು. ಘಾಟಿಯ ಬುಡದಲ್ಲಿ ಇಳಿದು, ಚೈನನ್ನು ಕೈಯಿಂದಲೇ ಎತ್ತಿ ಒಂದರಿಂದ ಇನ್ನೊಂದಕ್ಕೆ ಹಾಕಬೇಕು. ಕೈಗೆ ಎಣ್ಣೆಮಸಿ, ಮೈಗೆ ಉಪಕಾರ. ಆಮೇಲೆ ಎರಡು ನಾಲ್ಕಾಯಿತು. ಇಂಗ್ಲೆಂಡಿನವರ ಉಪಾಯಗಳನ್ನು ತರಿಸಿ ತನ್ನವುಗಳೊಡನೆ ಕೂಡಿಸಿ ನೋಡಿದನು. ಸಣ್ಣ ಗಾಲಿ, ಅಗಲವಾದ ಮೃದು ಟೈರು ಮುಂತಾದವನ್ನೂ ಪರೀಕ್ಷಿಸಿದನು. ಪರೀಕ್ಷೆಯೆಂದರೆ ಮೇಜಿನ ಮೇಲಿನ ಪರೀಕ್ಷೆಯಲ್ಲ. ಪ್ರತಿಯೊಂದು ಕಲ್ಪನೆಯನ್ನೂ ಹೆಗ್ಗಾಡಿನ ಘಾಟಿಗೆ ಕೊಂಡೊಯ್ದು, ನೂರಾರು ಕಿಲೋಮೀಟರು ಓಡಿಸಿ, ಸರಿಬಂದುದನ್ನು ಸರಿಬಂತೆಂದೂ ಕೆಟ್ಟದ್ದನ್ನು ಕೆಟ್ಟಿತೆಂದೂ ಪತ್ರಿಕೆಯಲ್ಲಿ ಬರೆದನು. ಊರಿನ ಕಮ್ಮಾರರು, ಯಂತ್ರಕುಶಲರು, ಸವಾರರು ಆತನ ಸುತ್ತ ನೆರೆದರು. ಆ ಬಳಗಕ್ಕೆ ಸೇಂಟ್ ಎಟಿಯೆನ್ನಿನ ಪಂಥವೆಂದೇ ಹೆಸರಾಯಿತು.

ವಿರೋಧವೂ ಆಗಲೇ ಮೊಳೆಯಿತು. ಗಟ್ಟಿಗನಾದವನಿಗೆ ಒಂದೇ ಹಲ್ಲುಚಕ್ರ ಸಾಕು, ಎರಡನೆಯದನ್ನು ಬಯಸುವವನು ಸೋಮಾರಿಯೋ ಮುದುಕನೋ ಆಗಿರಬೇಕೆಂಬುದು ಅಂದಿನ ಸ್ಪರ್ಧಾಳುಗಳ ಮತ. ೧೯೦೨ರಲ್ಲಿ ಫ್ರಾನ್ಸಿನ ಪ್ರವಾಸ ಸಂಘವು ಬೆಟ್ಟದ ದಾರಿಯಲ್ಲಿ ಬೈಸಿಕಲ್ಲುಗಳ ಪರೀಕ್ಷೆಯೊಂದನ್ನು ಏರ್ಪಡಿಸಿತು. ಅದರಲ್ಲಿ ಮಾರ್ತ್ ಎಸ್ ಎಂಬ ಮಹಿಳೆಯು ಗೇರುಗಳಿದ್ದ ‘ಗೋಲ್ವಾಸ್’ ಮೇಲೆ ಕುಳಿತು, ಗಂಡಸರು ಏದುಸಿರು ಬಿಡುವ ಏರುಗಳನ್ನು ಹತ್ತಿ ತೋರಿಸಿದಳು. ಕಣ್ಣಿಗೆ ಕಂಡ ಪ್ರಮಾಣ ಅದು. ಆದರೂ ಒಪ್ಪದವರು ಒಪ್ಪಲಿಲ್ಲ. ಅವರ ಮುಂದಾಳು ಆಂರಿ ದೆಗ್ರಾಂಜ್. ಆತನು ೧೮೯೩ರಲ್ಲಿ ಒಂದು ಗಂಟೆಯಲ್ಲಿ ಮೂವತ್ತೈದು ಕಿಲೋಮೀಟರಿಗೂ ಮಿಕ್ಕಿ ಓಡಿಸಿ ದಾಖಲೆ ಸ್ಥಾಪಿಸಿದವನು, ಕ್ರೀಡಾಪತ್ರಿಕೆಯ ಸಂಪಾದಕ. ಗೇರು ನಲವತ್ತೈದು ದಾಟಿದವರಿಗೆ ತಕ್ಕದ್ದು, ಯಂತ್ರದ ಉಪಾಯದಿಂದ ಗೆಲ್ಲುವುದಕ್ಕಿಂತ ಸ್ನಾಯುವಿನ ಬಲದಿಂದ ಗೆಲ್ಲುವುದೇ ಗೆಲುವು ಎಂಬುದು ಆತನ ವಾದ. ವೆಲೋಸಿಯೊನಿಗೆ ಆಗ ವಯಸ್ಸು ನಲವತ್ತೊಂಬತ್ತು. ಈ ವ್ಯಂಗ್ಯದ ಬಾಣ ಯಾರಿಗೆ ತಾಗಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೆಗ್ರಾಂಜನು ೧೯೦೩ರಲ್ಲಿ ‘ತೂರ್ ದ ಫ್ರಾನ್ಸ್’ ಎಂಬ ಮಹಾಸ್ಪರ್ಧೆಯನ್ನು ಆರಂಭಿಸಿದನು. ವಿಧಿಯ ವಿನೋದವೆಂದರೆ ಆ ಸ್ಪರ್ಧೆ ಮೊದಲ ವರ್ಷವೇ ಹಾದುಹೋದ ಎತ್ತರದ ಘಾಟಿ ವೆಲೋಸಿಯೊನ ಹೆಗ್ಗಾಡಿನ ಘಾಟಿಯೇ. ಮರುವರ್ಷ ಅದೇ ಘಾಟಿಯಲ್ಲಿ, ಕತ್ತಲೆಯಲ್ಲಿ, ಸ್ಥಳೀಯ ಸವಾರನೊಬ್ಬನ ಅಭಿಮಾನಿಗಳು ಉಳಿದ ಸ್ಪರ್ಧಾಳುಗಳ ಮೇಲೆ ಬಿದ್ದು ಬಡಿದರು. ಪಿಸ್ತೂಲು ಹಾರಿಸಿ ಅವರನ್ನು ಚದುರಿಸಬೇಕಾಯಿತು. ೧೯೧೦ರಲ್ಲಿ ಸ್ಪರ್ಧೆಯು ಪಿರನೀಸ್ ಪರ್ವತದ ೨೧೧೫ ಮೀಟರಿನ ತೂರ್ಮಾಲೆಯನ್ನೂ, ೧೯೧೧ರಲ್ಲಿ ಆಲ್ಪ್ಸಿನ ಗಾಲಿಬಿಯೆಯನ್ನೂ ಏರಿತು. ಕಲ್ಲು ಕೆದರಿದ ಆ ದಾರಿಗಳಲ್ಲಿ ವೀರರು ಬೈಸಿಕಲ್ಲುಗಳನ್ನು ನೂಕಿಕೊಂಡು ನಡೆದರು; ಸಂಘಟಕರನ್ನು ಕೊಲೆಗಡುಕರೆಂದು ಬೈದವರೂ ಇದ್ದರು. ಹಿಂಗಾಲಿಯ ಎರಡು ಮಗ್ಗುಲಿಗೂ ಒಂದೊಂದು ಹಲ್ಲುಚಕ್ರವಿಟ್ಟು, ಘಾಟಿಯ ಬುಡದಲ್ಲಿ ಗಾಲಿಯನ್ನೇ ಬಿಚ್ಚಿ ಮಗುಚಿಹಾಕುವುದು ಅವರಿಗಿದ್ದ ಒಂದೇ ಉಪಾಯ. ಐವತ್ತು ದಾಟಿದ ವೆಲೋಸಿಯೊ ಅದೇ ಕಾಲದಲ್ಲಿ ಬೆಟ್ಟದ ದಾರಿಗಳನ್ನು ಗೇರಿನ ನೆರವಿನಿಂದ ಸಾವಧಾನವಾಗಿ ಏರುತ್ತಿದ್ದನು. ಗೇರಿಗೆ ತೂರ್ ಸ್ಪರ್ಧೆಯಲ್ಲಿ ಎಲ್ಲರಿಗೂ ಪ್ರವೇಶ ಸಿಕ್ಕಿದ್ದು ೧೯೩೭ರಲ್ಲಿ. ಅಷ್ಟರಲ್ಲಿ ವೆಲೋಸಿಯೊ ತೀರಿಹೋಗಿ ಏಳು ವರ್ಷಗಳಾಗಿದ್ದವು.

ಆತನ ಯಾತ್ರೆಗಳ ರೀತಿಯನ್ನು ಕುರಿತು ಎರಡು ಮಾತು ಹೇಳಬೇಕು. ಅಂಗಡಿಯ ಕೆಲಸ ಮುಗಿಸಿ ಸಂಜೆ ಹೊರಟರೆ ರಾತ್ರಿಯೆಲ್ಲ ದೀಪದ ಬೆಳಕಿನಲ್ಲಿ ಸಾಗಿ, ಬೆಳಗಾಗುವ ಹೊತ್ತಿಗೆ ಬೇರೊಂದು ಹವೆಯ, ಬೇರೊಂದು ಬಣ್ಣದ ನಾಡಿನಲ್ಲಿರುವುದು ಆತನಿಗೆ ಪ್ರಿಯ. ಹೆಗ್ಗಾಡಿನ ಘಾಟಿ ಅಂತಹ ಬಾಗಿಲು. ಆಚೆಗೆ ಇಳಿದರೆ ರೋನ್ ನದಿಯ ಕಣಿವೆ. ಕಣಿವೆಯ ಗುಂಟ ದಕ್ಷಿಣಕ್ಕೆ ಹೋದಂತೆ ಬೀಚ್ ಮತ್ತು ಪೈನು ಮರಗಳ ನಾಡು ಮುಗಿದು ಆಲಿವ್ ಮರಗಳ ನಾಡು, ಹುಟ್ಟೂರಿನ ಬಿಸಿಲು, ವಾಂತೂವಿನ ಬಿಳಿಯ ನೆತ್ತಿ. ಈಸ್ಟರ್ ಹಬ್ಬದ ದಿನಗಳಲ್ಲಿ ಪ್ರೋವಾನ್ಸಿಗೆ ಹೀಗೆ ಇಳಿದು ಹೋಗುವುದು ಆತನಿಗೂ ಶಿಷ್ಯರಿಗೂ ವ್ರತದಂತೆ ಆಗಿಹೋಯಿತು. ಇನ್ನು ಆಲ್ಪ್ಸಿನ ಕಡೆಯ ದಾರಿಗಳು. ಅಂದಿನ ಘಾಟಿಗಳಿಗೆ ಡಾಂಬರಿರಲಿಲ್ಲ. ಬೇಸಗೆಯಲ್ಲಿ ಧೂಳು, ಮಳೆಯಲ್ಲಿ ಕೆಸರು, ಎತ್ತರದಲ್ಲಿ ಜೂನ್ ತಿಂಗಳಲ್ಲಿಯೂ ಹಿಮ. ದಾರಿ ಸವಾರಿಗೆ ಒಗ್ಗದ ಕಡೆ ಇಳಿದು ನೂಕುವುದು, ನೂಕಲಾಗದ ಕಡೆ ಹೆಗಲಿಗೆ ಹೊತ್ತು ನಡೆಯುವುದು ಅಂದಿನ ಬೆಟ್ಟದ ಸವಾರರ ಪಾಡಾಗಿತ್ತು. ಯಾತ್ರಿಕನಿಗೆ ಅದು ಅವಮಾನವಲ್ಲ. ಕಾಲ್ನಡಿಗೆಯನ್ನು ಸೋಲೆಂದು ಎಣಿಸುವುದು ಸ್ಪರ್ಧೆಯ ಭಾಷೆ. ಯಾತ್ರೆಯ ಭಾಷೆಯಲ್ಲಿ ಅದು ದಾರಿಯ ಇನ್ನೊಂದು ಪಾದವಷ್ಟೆ.

ಇಷ್ಟು ದೂರ ಓಡಿದ ದೇಹವನ್ನು ಆತನು ಸಾಕಿದ ಬಗೆಯೂ ಗಮನಿಸತಕ್ಕದ್ದು. ಮಾಂಸವನ್ನು ಬಿಟ್ಟಿದ್ದನು. ಮದ್ಯವೂ ಹೊಗೆಸೊಪ್ಪೂ ಸವಾರನಿಗೆ ಸಲ್ಲವೆಂದು ಸಾರುತ್ತಿದ್ದನು. ದ್ರಾಕ್ಷಾರಸವನ್ನು ನೀರಿನಂತೆ ಕುಡಿಯುವ ನಾಡಿನಲ್ಲಿ ಇದು ಸಾಮಾನ್ಯ ಛಲವಲ್ಲ. ಶಿಷ್ಯರಿಗೆ ಆತನು ಕೊಟ್ಟ ಉಪದೇಶ ಏಳು ಸೂತ್ರಗಳಾಗಿ ಪ್ರಸಿದ್ಧವಾಗಿದೆ. ಅವುಗಳ ತಾತ್ಪರ್ಯವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಹಸಿವು ಕಾಡುವವರೆಗೆ ಊಟವನ್ನೂ ದಾಹ ಸುಡುವವರೆಗೆ ನೀರನ್ನೂ ಕಾಯಿಸಬಾರದು, ಚಳಿ ನಡುಗಿಸುವ ಮುನ್ನ ಹೊದೆಯಬೇಕು, ಸೆಕೆ ಬಾಧಿಸುವ ಮುನ್ನ ಕಳಚಬೇಕು, ತಂಗುವುದು ಅಪರೂಪವಾಗಿರಬೇಕು, ತಂಗಿದರೂ ಬೇಗ ಏಳಬೇಕು, ಅನ್ನ ಸೇರದಂತೆ ನಿದ್ದೆ ಬಾರದಂತೆ ದಣಿಯಬಾರದು, ಬೆಳಗಿನ ಹುರುಪಿನಲ್ಲಿ ಶಕ್ತಿಯನ್ನೆಲ್ಲ ಚೆಲ್ಲಿಬಿಡಬಾರದು. ಇವೆಲ್ಲಕ್ಕೂ ಕಳಸವಿಟ್ಟಂತಿರುವುದು ಕಡೆಯದು: ಪ್ರತಿಷ್ಠೆಗಾಗಿ ಪೆಡಲು ತುಳಿಯಬಾರದು. ಮೊದಲಿನವು ವೈದ್ಯನ ಮಾತುಗಳು. ಕೊನೆಯದು ಋಷಿಯ ಮಾತು. ಈ ಕೊನೆಯದನ್ನು ಮುರಿದವನು ಉಳಿದ ಆರನ್ನೂ ಮುರಿಯದೆ ಇರಲಾರನೆಂಬುದನ್ನು ಓದುಗರು ಗಮನಿಸಬೇಕು.

ಆತನಲ್ಲಿ ವಿರೋಧಾಭಾಸವಿರಲಿಲ್ಲವೆಂದು ನಾನು ಹೇಳಲಾರೆ. ಪ್ರತಿಷ್ಠೆ ಬೇಡವೆಂದವನೇ ರಾತ್ರಿ ಹಗಲೆನ್ನದೆ ಸಾಗುವ ದೀರ್ಘಯಾತ್ರೆಗಳ ಲೆಕ್ಕವನ್ನು ಅಚ್ಚುಹಾಕಿಸುತ್ತಿದ್ದನು. ಕಿಲೋಮೀಟರುಗಳ ಎಣಿಕೆಯಲ್ಲಿ ಸ್ವಲ್ಪವಾದರೂ ಅಭಿಮಾನ ಸೇರದಿರುವುದು ಮನುಷ್ಯಮಾತ್ರನಿಗೆ ಸಾಧ್ಯವೇ ಎಂದು ಸಂಶಯ ಬರುವುದು ಸಹಜ. ಆದರೆ ಆತನು ಎಣಿಸಿದ್ದು ಇತರರನ್ನು ಸೋಲಿಸಿದ ಸಂಖ್ಯೆಯನ್ನಲ್ಲ. ಸಾಮಾನ್ಯ ದೇಹ ಸರಿಯಾದ ಆಹಾರದಿಂದ, ಸರಿಯಾದ ಸಾಧನದಿಂದ, ಸರಿಯಾದ ಮಿತದಿಂದ ಎಷ್ಟು ದೂರ ಹೋಗಬಲ್ಲುದೆಂಬ ಸಂಖ್ಯೆಯನ್ನು. ತನ್ನ ಮೈಯನ್ನೇ ಉದಾಹರಣೆಯಾಗಿ ಇಟ್ಟವನು ಅದನ್ನು ಬಚ್ಚಿಡುವುದಾದರೂ ಹೇಗೆ? ಪುರಾತನ ಗ್ರಂಥಗಳ ಓದು, ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಆತನಿಗಿದ್ದ ಆಸಕ್ತಿ ಇವೂ ಅದೇ ಮನೋಧರ್ಮದ ಕುರುಹುಗಳು. ಗಡಿಯ ಬೆಟ್ಟವನ್ನು ದಾಟುವವನಿಗೆ ಗಡಿಯ ಭಾಷೆಯನ್ನೂ ದಾಟಬೇಕೆನಿಸುವುದು ಆಶ್ಚರ್ಯವಲ್ಲ.

ಆತನು ಬದುಕಿರುವಾಗಲೇ ಶಿಷ್ಯರು ಹೆಗ್ಗಾಡಿನ ಘಾಟಿಯಲ್ಲಿ ಆತನ ಹೆಸರಿನ ಉತ್ಸವವನ್ನು ತೊಡಗಿಸಿದರು. ಮಕ್ಕಳು, ಹೆಂಗಸರು, ಮುದುಕರು ಎಲ್ಲರೂ ತಮ್ಮ ತಮ್ಮ ಬೈಸಿಕಲ್ಲುಗಳ ಮೇಲೆ ಆ ಏರನ್ನು ಹತ್ತುವುದೇ ಉತ್ಸವ. ಎಪ್ಪತ್ತು ದಾಟಿದ ಗುರುವೂ ಅವರೊಡನೆ ಇದ್ದನು. ೧೯೩೦ರಲ್ಲಿ, ಚಳಿಗಾಲ ಕಳೆಯುವ ಮುನ್ನ, ಸೇಂಟ್ ಎಟಿಯೆನ್ನಿನ ಬೀದಿಯಲ್ಲಿ ಬೈಸಿಕಲ್ಲನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದಾಗ ಟ್ರಾಂ ಗಾಡಿಯೊಂದು ಬಡಿದು ಆತನು ಪ್ರಾಣಬಿಟ್ಟನು. ವಯಸ್ಸು ಎಪ್ಪತ್ತಾರು. ಹಿಮದ ಘಾಟಿಗಳೂ ಕಡಿದಾದ ಇಳಿಜಾರುಗಳೂ ಕೊಲ್ಲದವನನ್ನು ಸಮತಟ್ಟಾದ ಊರಬೀದಿ ಕೊಂದಿತು. ಪತ್ರಿಕೆ ಆತನ ತರುವಾಯವೂ ಹಲವು ದಶಕ ನಡೆಯಿತು. ಘಾಟಿಯ ನೆತ್ತಿಯಲ್ಲಿ ಆತನ ಸ್ಮಾರಕ ಶಿಲೆ ನಿಂತಿತು.

ಆತನ ಮಾತಿಗೆ ಕಾಲವೇ ಸಾಕ್ಷಿ ನುಡಿದಿದೆ. ತೂರ್ ಸ್ಪರ್ಧೆ ೧೯೫೧ರಲ್ಲಿ ಮೊದಲ ಬಾರಿಗೆ ವಾಂತೂ ಪರ್ವತವನ್ನು ಏರಿತು. ೧೯೬೭ರ ಜುಲೈ ೧೩ರಂದು, ವೆಲೋಸಿಯೊನ ಹುಟ್ಟೂರಿಗೆ ಕಾಣುವ ಅದೇ ಬಿಳಿಯ ನೆತ್ತಿಗೆ ಇನ್ನೇನು ಒಂದೆರಡು ಕಿಲೋಮೀಟರು ಉಳಿದಿರುವಾಗ, ಜಗತ್ತಿನ ಚಾಂಪಿಯನ್ ಪದವಿಯನ್ನು ಪಡೆದಿದ್ದ ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಎಂಬ ಇಪ್ಪತ್ತೊಂಬತ್ತರ ತರುಣನು ಬೈಸಿಕಲ್ಲಿನಿಂದ ಬಿದ್ದು ಅಸುನೀಗಿದನು. ಸುಡುವ ಬಿಸಿಲು, ಮಿತಿಮೀರಿದ ದಣಿವು, ದಣಿವನ್ನು ಮರೆಸುವ ಉತ್ತೇಜಕ ಔಷಧ ಮೂರೂ ಕೂಡಿ ಆ ಜೀವವನ್ನು ತಿಂದವು. ಆತನನ್ನು ನಿಂದಿಸುವ ಅಧಿಕಾರ ನಮಗಿಲ್ಲ. ಗೆದ್ದವನಿಗೆ ಮಾತ್ರ ಬೆಲೆಯೆಂದು ಸಾರುವ ಲೋಕ ಆತನ ಬೆನ್ನ ಹಿಂದೆ ನಿಂತಿತ್ತು. ಆದರೆ ಆ ನೆತ್ತಿಯ ಸ್ಮಾರಕವನ್ನೂ ಹೆಗ್ಗಾಡಿನ ಸ್ಮಾರಕವನ್ನೂ ಮನಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ, ಏಳು ಸೂತ್ರಗಳು ಬರಿಯ ಪ್ರವಾಸಿಗಳ ಕೈಪಿಡಿಯಲ್ಲವೆಂಬುದು ತಿಳಿಯುತ್ತದೆ.

ಇನ್ನೊಂದು ಬಗೆಯ ಸಂತಾನವೂ ಆತನಿಗಿದೆ. ಬೈಸಿಕಲ್ಲನ್ನು ನೂಕಿಯೂ ಹೊತ್ತೂ ಬೆಟ್ಟದ ಕಾಲುದಾರಿ ದಾಟುವವರ ಸಂಘವೊಂದು ೧೯೫೫ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ನೂರು ಘಾಟಿಗಳ ಬಳಗವೆಂಬ ಅರ್ಥದ ಫ್ರೆಂಚ್ ಸಂಘ ೧೯೭೨ರಲ್ಲಿ ಸ್ಥಾಪನೆಯಾಯಿತು. ಬೇರೆ ಬೇರೆ ನೂರು ಘಾಟಿಗಳನ್ನು, ಅವುಗಳಲ್ಲಿ ಐದನ್ನಾದರೂ ೨೦೦೦ ಮೀಟರಿಗಿಂತ ಮೇಲೆ, ಸ್ವಂತ ಕಾಲಬಲದಿಂದ ದಾಟಿದವರಿಗೆ ಅಲ್ಲಿ ಸ್ಥಾನ. ಎಷ್ಟು ಹೊತ್ತಿನಲ್ಲಿ ದಾಟಿದಿರೆಂದು ಅಲ್ಲಿ ಯಾರೂ ಗಡಿಯಾರ ಹಿಡಿಯುವುದಿಲ್ಲ. ಇಂದು ರಜೆಯ ಬೆಳಗಿನಲ್ಲಿ ಬೆಂಗಳೂರಿನಿಂದ ನಂದಿಬೆಟ್ಟಕ್ಕೂ, ಮಲೆನಾಡಿನ ಘಾಟಿಗಳಿಗೂ ಗೇರಿನ ಸೈಕಲ್ಲುಗಳಲ್ಲಿ ಹೊರಡುವ ನಮ್ಮ ತರುಣತರುಣಿಯರ ಬೆರಳು ಹ್ಯಾಂಡಲಿನ ಗುಂಡಿಯನ್ನು ಒತ್ತಿದಾಗ ಚೈನು ಸದ್ದಿಲ್ಲದೆ ಹಲ್ಲು ಬದಲಿಸುತ್ತದೆ. ಆ ಸಣ್ಣ ಚಲನೆಯ ಹಿಂದೆ ಚೈನನ್ನು ಮಸಿಗೈಯಿಂದ ಎತ್ತಿಹಾಕುತ್ತಿದ್ದ ಮುದುಕನೊಬ್ಬನಿದ್ದಾನೆಂದು ಅವರಿಗೆ ತಿಳಿದಿದ್ದರೆ ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದು, ಗೇರನ್ನು ಬಳುವಳಿ ಪಡೆದವರು ಆತನ ಏಳನೆಯ ಸೂತ್ರವನ್ನೂ ಬಳುವಳಿ ಪಡೆಯುವುದು.

ಕನ್ನಡದಲ್ಲಿ ‘ನಡೆ’ ಎಂಬ ಮಾತಿಗೆ ಕಾಲಿನ ಚಲನೆಯೆಂಬುದು ಒಂದು ಅರ್ಥ, ಶೀಲವೆಂಬುದು ಇನ್ನೊಂದು. ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟಿಟ್ಟ ನಮ್ಮ ಹಿರಿಯರಿಗೆ ವೆಲೋಸಿಯೊನ ಬಾಳನ್ನು ವಿವರಿಸಿ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ಏರು ಕಂಡಾಗ ಅಹಂಕಾರವನ್ನು ಬಿಟ್ಟು ಹಲ್ಲುಚಕ್ರವನ್ನು ಬದಲಿಸಿಕೊಳ್ಳುವುದು ಸೋಲಲ್ಲ. ಆಚೆಯ ಕಣಿವೆಯನ್ನು ಕಾಣುವ ತನಕ ಉಸಿರನ್ನು ಉಳಿಸಿಕೊಳ್ಳುವ ಜಾಣ್ಮೆ.